ಎದ್ದು ಹೊರಟ ಪವಿತ್ರ ಕುಟುಂಬ

(ಪವಿತ್ರ ಕುಟುಂಬದ ಹಬ್ಬದಂದು ರಾಯಾಪುರದಲ್ಲಿ ನೀಡಿದ ಪ್ರಬೋಧನೆ)

ಶುಭಸಂದೇಶ: ಮತ್ತಾಯ 2:13-15, 19-23



ಕ್ರಿಸ್ತ ಜಯಂತಿ ಕಳೆದು ಇನ್ನೂ ವಾರವಾಗಿಲ್ಲ. ನಮ್ಮ ಮನೆಗಳಲ್ಲಿ ಗೋದಲಿ ಹಾಗೆಯೇ ಇದೆ, ಬಾಗಿಲ ಮೇಲೆ ನಕ್ಷತ್ರದ ದೀಪ ಉರಿಯುತ್ತಿದೆ, ಡಬ್ಬಿಯ ತಳದಲ್ಲಿ ನಾಲ್ಕು ಕರ್ಚಿಕಾಯಿ ಉಳಿದಿವೆ. ಇಂತಹ ಹೊತ್ತಿನಲ್ಲಿ ಮಾತೆ ಧರ್ಮಸಭೆಯು ನಮ್ಮ ಮುಂದೆ ಇಟ್ಟಿರುವ ಶುಭಸಂದೇಶ ಹಬ್ಬದ ಸಂಭ್ರಮಕ್ಕೆ ಹೊಂದದ ಹಾಗೆ ಕಾಣುತ್ತದೆ. ಹೆರೋದ ಅರಸ ಮಗುವನ್ನು ಕೊಲ್ಲಲು ಹುಡುಕುತ್ತಿದ್ದಾನೆ. ಸಂತ ಜೋಸೆಫರಿಗೆ ಕನಸಿನಲ್ಲಿ ದೇವದೂತನ ಎಚ್ಚರಿಕೆ ಬರುತ್ತದೆ. ಅವರು ಆ ರಾತ್ರಿಯೇ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟುಬಿಡುತ್ತಾರೆ.

ಪವಿತ್ರ ಕುಟುಂಬ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಗೋಡೆಯ ಮೇಲಿನ ಶಾಂತವಾದ ಚಿತ್ರಪಟ. ಆದರೆ ಸಂತ ಮತ್ತಾಯರು ತೋರಿಸುವುದು ಕತ್ತಲಲ್ಲಿ ಮನೆ ಬಿಟ್ಟು ಹೊರಟ ಕುಟುಂಬವನ್ನು. ಆದ್ದರಿಂದ ಈ ಹಬ್ಬದ ದಿನ ನಾವು ಒಂದು ಪ್ರಶ್ನೆಯನ್ನು ಧ್ಯಾನಿಸೋಣ. ಅಪಾಯ ಬಾಗಿಲಿಗೆ ಬಂದಾಗ ವಿಶ್ವಾಸಿಯಾದವನು ಮನೆಯಲ್ಲೇ ಉಳಿಯಬೇಕೋ, ಎದ್ದು ಹೊರಡಬೇಕೋ?

ಇದು ನಮ್ಮ ನಾಡಿಗೆ ದೂರದ ಪ್ರಶ್ನೆಯಲ್ಲ. 2009ರಲ್ಲಿ, ಬರದ ಚಿಂತೆಯಲ್ಲಿದ್ದ ಉತ್ತರ ಕರ್ನಾಟಕದ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಕಂಡರಿಯದ ಮಳೆ ಸುರಿಯಿತು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹತ್ತು ವರ್ಷಗಳ ಬಳಿಕ, 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ಒಟ್ಟಿಗೆ ಉಕ್ಕಿದರು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಗೆ ಸಿಕ್ಕವು. ಸುಮಾರು 7 ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ನಮ್ಮ ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರಕ್ಕೆ ಹೋಗುವ ಹೆದ್ದಾರಿ ಕೊಣ್ಣೂರಿನ ಬಳಿ ಮುಳುಗಿ ಸಂಚಾರ ನಿಂತಿತು. ಹುಬ್ಬಳ್ಳಿಯಲ್ಲೇ ಉಣಕಲ್ ಕೆರೆ ತುಂಬಿ ಹರಿದು ನಾಲೆಯ ದಡದ ಮನೆಗಳಿಗೆ ನೀರು ನುಗ್ಗಿತು.

ಆ ದಿನಗಳಲ್ಲಿ ಹೊಳೆಸಾಲಿನ ಊರುಗಳಲ್ಲಿ ಡಂಗುರ ಸಾರಿದರು, ಮೈಕಿನಲ್ಲಿ ಕೂಗಿದರು. ಅನೇಕರು ಹೊರಟರು. ಕೆಲವರು ಹೊರಡಲಿಲ್ಲ. “ಎಮ್ಮಿ ಬಿಟ್ಟು ಎಲ್ಲಿಗೆ ಹೋಗೂದು?” “ಜ್ವಾಳದ ಚೀಲ ಯಾರು ಕಾಯ್ತಾರ?” “ಹೋದ ಸಲ ಕಟ್ಟಿ ತನಕ ಬಂದಿತ್ತು, ಒಳಗ ಬರಂಗಿಲ್ಲ ಬಿಡ್ರಿ.” ಇಂತಹ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತುಗಳನ್ನು ದಡ್ಡತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಎರಡು ಎಮ್ಮೆಯೇ ಬದುಕಾಗಿರುವ ಮನೆಗೆ ಅವನ್ನು ಬಿಟ್ಟು ಬನ್ನಿ ಎಂದರೆ ಬದುಕನ್ನೇ ಬಿಟ್ಟು ಬನ್ನಿ ಎಂದ ಹಾಗೆ. ಗಂಜಿ ಕೇಂದ್ರದ ತುಂಬಿದ ಕೋಣೆಯಲ್ಲಿ ಪರರ ನಡುವೆ ಮಲಗಬೇಕೆಂದರೆ ತಾಯಂದಿರಿಗೆ, ಹರೆಯದ ಹೆಣ್ಣುಮಕ್ಕಳಿಗೆ ಸಂಕೋಚವಾಗುವುದು ಸಹಜ. ಇನ್ನು ಕೆಲವರು, “ದೇವರಿದ್ದಾನೆ, ನಮಗೇನೂ ಆಗುವುದಿಲ್ಲ” ಎಂದು ಉಳಿದರು. ಈ ಕೊನೆಯ ಮಾತನ್ನು ಶುಭಸಂದೇಶದ ಬೆಳಕಿನಲ್ಲಿ ಸ್ವಲ್ಪ ನೋಡೋಣ.

ಮೊದಲನೆಯದಾಗಿ, ಹೊರಡುವುದು ಅವಿಶ್ವಾಸವಲ್ಲ.

ಜೋಸೆಫರ ಮನೆಯಲ್ಲಿದ್ದವರು ಸಾಕ್ಷಾತ್ ದೇವಪುತ್ರ. ದೇವರೇ ನಮ್ಮ ಮನೆಯಲ್ಲಿದ್ದಾರೆ, ಹೆರೋದನೇನು ಮಾಡಿಯಾನು ಎಂದು ಅವರು ಬಾಗಿಲು ಹಾಕಿಕೊಂಡು ಮಲಗಲಿಲ್ಲ. ಪಿತದೇವರು ಹೆರೋದನ ಸೈನಿಕರ ಮೇಲೆ ಬೆಂಕಿ ಸುರಿಸಲಿಲ್ಲ; ಒಬ್ಬ ತಂದೆಯನ್ನು ನಿದ್ದೆಯಿಂದ ಎಬ್ಬಿಸಿದರು. ದೇವರು ಮಗುವನ್ನು ಕಾಪಾಡಿದ್ದು ಜೋಸೆಫರ ಕಾಲುಗಳ ಮೂಲಕ, ಅವರ ತಕ್ಷಣದ ವಿಧೇಯತೆಯ ಮೂಲಕ. ಮುಂದೆ ಯೇಸುಸ್ವಾಮಿ ದೊಡ್ಡವರಾದಾಗ ಸೈತಾನನು ಅವರನ್ನು ದೇವಾಲಯದ ತುದಿಗೆ ಕರೆದೊಯ್ದು, ದೂತರು ಹಿಡಿದುಕೊಳ್ಳುತ್ತಾರೆ, ಧುಮುಕು ಎಂದನು. ದೇವರನ್ನು ಪರೀಕ್ಷಿಸಬಾರದೆಂದು ಸ್ವಾಮಿ ಅದನ್ನು ನಿರಾಕರಿಸಿದರು. ಏರುತ್ತಿರುವ ನೀರಿನ ಮುಂದೆ ಕುಳಿತು ಪವಾಡ ಕೇಳುವುದೂ ಅಂಥದ್ದೇ ಪರೀಕ್ಷೆ. ಹೊರಡಿರೆಂದು ಹೇಳಲು ಬಂದ ಪಂಚಾಯಿತಿಯವನು, ಪೊಲೀಸ್ ಪೇದೆ, ಶಾಲೆಯ ಮಾಸ್ತರರು ಅಂದಿನ ಮಟ್ಟಿಗೆ ನಮ್ಮ ದೇವದೂತರು. ರೆಕ್ಕೆ ಇಲ್ಲವೆಂದು ಅವರ ಮಾತನ್ನು ತಳ್ಳಬಾರದು.

ಈ ದೂತನ ಮಾತನ್ನು ನಂಬುವುದು ಸುಲಭವಲ್ಲ, ನಿಜ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ದಟ್ಟ ಮಳೆಯಲ್ಲಿ. ಅಲ್ಲಿ ಸುರಿದ ನೀರು ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆಗೆ ಬಂದು ತುಂಬುತ್ತದೆ. ಅಣೆಕಟ್ಟೆ ತುಂಬಿದ ಮೇಲೆ ಗೇಟು ತೆರೆಯಲೇಬೇಕು. ಆಗ ನರಗುಂದ, ರೋಣದ ಹಳ್ಳಿಗಳಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ. ಬಿಸಿಲಿದೆಯಲ್ಲ, ನೆರೆ ಎಲ್ಲಿಯದು ಎಂದುಕೊಳ್ಳುವಷ್ಟರಲ್ಲಿ ಸಂಜೆಗೆ ದಾರಿ ಮುಚ್ಚಿರುತ್ತದೆ. ಬೆತ್ಲೆಹೇಮಿನ ಆ ರಾತ್ರಿಯೂ ಶಾಂತವಾಗಿಯೇ ಇದ್ದಿರಬೇಕು. ಕಣ್ಣಿಗೆ ಕಾಣದ ಅಪಾಯವನ್ನು ಬಲ್ಲವರ ಮಾತಿನಿಂದ ನಂಬಿ ಹೊರಟದ್ದೇ ಜೋಸೆಫರ ವಿಶ್ವಾಸ.

ಹೀಗೆ ನಂಬಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಆಮೇಲೆ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು, ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಬಲವಾಯಿತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಹತ್ತಿರ ಹತ್ತಿರ 10 ಲಕ್ಷ ಜನ ಮೊದಲೇ ಮನೆ ಬಿಟ್ಟರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಬಿರುಗಾಳಿ ಭೀಕರವಾಗಿಯೇ ಇತ್ತು. ಜನ ಸಮಯಕ್ಕೆ ಎದ್ದಿದ್ದರು.

ಎರಡನೆಯದಾಗಿ, ತೀರ್ಮಾನದ ಅಳತೆಗೋಲು ಮನೆಯ ಅತಿ ದುರ್ಬಲರು.

ದೇವದೂತನ ಮಾತಿನಲ್ಲಿ ಮೊದಲು ಬರುವುದು ಮಗು, ಆಮೇಲೆ ತಾಯಿ. ಜೋಸೆಫರ ಹತೋಡಿ, ಉಳಿ, ಮರದ ದಿಮ್ಮಿಗಳ ಪ್ರಸ್ತಾಪವೇ ಇಲ್ಲ. ಗಟ್ಟಿ ಮೈಯ ಯಜಮಾನನು, “ನನಗೆ ಈಜು ಬರುತ್ತದೆ, ನೋಡಿಕೊಂಡರಾಯಿತು” ಎಂದುಕೊಂಡಾಗ ಅವನು ತನ್ನ ಬಲದಿಂದ ಅಪಾಯವನ್ನು ಅಳೆಯುತ್ತಾನೆ. ಆದರೆ ಒಳಗೆ ಹಾಸಿಗೆ ಹಿಡಿದ ಅವ್ವ ಇದ್ದಾಳೆ, ಬಸುರಿ ಸೊಸೆ ಇದ್ದಾಳೆ, ತೊಟ್ಟಿಲಲ್ಲಿ ಕೂಸಿದೆ. ಅವರು ನಡೆಯಬಲ್ಲ ಹೊತ್ತೇ ಆ ಮನೆ ಹೊರಡುವ ಹೊತ್ತು. ಮೊಣಕಾಲುದ್ದ ಹರಿಯುವ ನೀರು ಗಟ್ಟಿ ಆಳನ್ನೂ ಕೆಡವುತ್ತದೆ, ಎರಡಡಿ ನೀರು ಜೀಪನ್ನೂ ತೇಲಿಸಿಬಿಡುತ್ತದೆ. ನಾವು ಉಳಿದರೆ ನಮಗಾಗಿ ದೋಣಿ ಹತ್ತುವವನೂ ಯಾರದೋ ಮನೆಯ ಮಗ ಎಂಬುದನ್ನು ಮರೆಯಬಾರದು.

ದನಕರುಗಳನ್ನು ಮೊದಲೇ ಎತ್ತರದ ಜಾಗಕ್ಕೆ ಸಾಗಿಸೋಣ. ಅಷ್ಟು ವೇಳೆ ಇಲ್ಲದಿದ್ದರೆ ಹಗ್ಗವನ್ನಾದರೂ ಬಿಚ್ಚೋಣ. ಕಟ್ಟಿಹಾಕಿದ ಎತ್ತು ಈಜಲಾರದು. ಹೊಲದ ಉತಾರ, ರೇಷನ್ ಕಾರ್ಡ್, ಪಾಸ್‌ಬುಕ್, ಅಪ್ಪನ ಬಿ.ಪಿ. ಮಾತ್ರೆ ಒಂದು ಚೀಲದಲ್ಲಿ ಮಳೆಗಾಲ ಮುಗಿಯುವವರೆಗೂ ಸಿದ್ಧವಿರಲಿ. ನಮ್ಮ ಹಳೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಗಳಲ್ಲಿ ಇರುವವರು ಇನ್ನೊಂದು ಮಾತು ನೆನಪಿಡಬೇಕು: ದಿನಗಟ್ಟಲೆ ನೆನೆದ ಗೋಡೆ ಮಳೆ ನಿಂತ ಮೇಲೆಯೂ ಕುಸಿಯುತ್ತದೆ. ಹೊಳೆ ದೂರವಿದ್ದರೂ ಅಂತಹ ಮನೆಯಲ್ಲಿ ಮಕ್ಕಳನ್ನು ಗೋಡೆಯ ಬದಿಗೆ ಮಲಗಿಸಬಾರದು. ಗೋಡೆ ಬಿರಿದರೆ ಅಂದೇ ಬೇರೆಡೆಗೆ ಹೋಗಬೇಕು.

ಹಾಗಾದರೆ ಯಾವಾಗಲೂ ಹೊರಡುವುದೇ ಸರಿಯೇ? ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಅದೇ ಪ್ರೀತಿ ನಮ್ಮನ್ನು ಮನೆಯಲ್ಲೇ ಉಳಿಸಿತು. ಆ ವರ್ಷ ಪುನರುತ್ಥಾನದ ಹಬ್ಬದ ಬಲಿಪೂಜೆಯನ್ನೂ ನಾವು ಮನೆಯಲ್ಲಿ ಕುಳಿತೇ ನೋಡಿದೆವು. ಅದೂ ವಿಧೇಯತೆಯೇ. ಜೋಸೆಫರು ಹೇಳಿದಾಗ ಹೊರಟರು. ಮತ್ತೆ ಹೇಳುವ ತನಕ ಈಜಿಪ್ಟಿನಲ್ಲೇ ಉಳಿದರು. ನೆರೆಯ ಕಾಲದಲ್ಲೂ ಹೊರಡುವ ಹೊತ್ತು ಮೀರಿ ದಾರಿಯ ಮೇಲೆ ನೀರು ಹರಿಯುತ್ತಿದ್ದರೆ ರಸ್ತೆಗಿಳಿಯುವುದಕ್ಕಿಂತ ಗಟ್ಟಿ ಕಟ್ಟಡದ ಮೇಲ್ಮಹಡಿ ಏರಿ 112ಕ್ಕೆ ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆಮಾಡಿ ಕಾಯುವುದೇ ಜಾಣತನ. ಸೇತುವೆಯ ಮೇಲೆ ನಿಂತು ನೀರಿನ ಫೋಟೊ ತೆಗೆಯುವ ನಮ್ಮ ತರುಣರಿಗಂತೂ ಮನೆಯಲ್ಲಿರುವುದೇ ಪುಣ್ಯದ ಕೆಲಸ!

ಮೂರನೆಯದಾಗಿ, ಮರಳುವುದಕ್ಕೂ ವಿವೇಕ ಬೇಕು.

ಇಂದಿನ ಶುಭಸಂದೇಶದ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹೆರೋದ ಸತ್ತ ಬಳಿಕ ಜೋಸೆಫರು ಮರಳುತ್ತಾರೆ. ಆದರೆ ಜುದೇಯದಲ್ಲಿ ಹೆರೋದನ ಮಗ ಆರ್ಕೆಲಾಯನು ಆಳುತ್ತಿದ್ದಾನೆಂದು ಕೇಳಿ ಅಲ್ಲಿಗೆ ಹೋಗಲು ಅಂಜುತ್ತಾರೆ. ಕನಸಿನಲ್ಲಿ ಎಚ್ಚರಿಕೆ ಪಡೆದು ಗಲಿಲೇಯಕ್ಕೆ ತಿರುಗಿ ನಜರೇತಿನಲ್ಲಿ ನೆಲೆಸುತ್ತಾರೆ. ಹೀಗೆ ಅಪಾಯ ತಪ್ಪಿಸಿ ಆರಿಸಿಕೊಂಡ ಊರಿನ ಹೆಸರೇ ನಮ್ಮ ಪ್ರಭುವಿನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಅವರನ್ನು ಲೋಕ ಇಂದಿಗೂ ನಜರೇತಿನ ಯೇಸು ಎಂದೇ ಕರೆಯುತ್ತದೆ.

2009ರ ನೆರೆಯ ಬಳಿಕ ಸರ್ಕಾರ ಮತ್ತು ದಾನಿಗಳು ಸೇರಿ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆಗಳನ್ನು ಕಟ್ಟಿದರು. ಕೆಲವರು ಹೋಗಿ ನೆಲೆಸಿದರು. ಅನೇಕರು ಹಳೆಯ ಊರಿಗೇ ಮರಳಿದರು, ಮನೆಗಳು ಖಾಲಿ ಬಿದ್ದವು. 2019ರಲ್ಲಿ ಹೊಳೆ ಮತ್ತೆ ಹಳೆಯ ಬಾಗಿಲಿಗೆ ಬಂತು. ಹೊಸ ಮನೆ ಚಿಕ್ಕದು, ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ನೀರಿನ ಅನುಕೂಲವಿಲ್ಲ ಎಂಬ ಅವರ ದೂರುಗಳಲ್ಲಿ ಹುರುಳಿತ್ತು. ಊರನ್ನು ಎತ್ತಿ ಇಡುವವರು ಮನೆಯ ಜೊತೆಗೆ ಬದುಕನ್ನೂ ಎತ್ತಿ ಇಡಬೇಕು. ಆದರೂ ಅಜ್ಜನ ಕಾಲದ ಮನೆ ಎಂಬ ಒಂದೇ ಕಾರಣಕ್ಕೆ ಮೊಮ್ಮಕ್ಕಳನ್ನು ಹೊಳೆಯ ಬಾಯಿಯಲ್ಲಿ ಇಡುವ ಮುನ್ನ ನಜರೇತನ್ನು ನೆನೆಯೋಣ. ಹೊಸ ಊರು ತಬ್ಬಲಿ ಊರಲ್ಲ; ದೇವಪುತ್ರರು ಬೆಳೆದದ್ದು ಅಂಥದ್ದೇ ಊರಿನಲ್ಲಿ.

ಪ್ರಿಯರೇ, ರಾಯಾಪುರದಲ್ಲಿರುವ ನಮಗೆ ಇದರಿಂದ ಏನು? ನಮ್ಮ ಹುಬ್ಬಳ್ಳಿ-ಧಾರವಾಡ ಎರಡು ಕಡೆಗೆ ನೀರು ಹಂಚುವ ಎತ್ತರದ ನೆಲ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಶಾಲ್ಮಲೆಯಾಗಿ ಪಡುವಣ ಕಡಲಿಗೆ ಹೋಗುತ್ತದೆ, ಇನ್ನೊಂದು ಪಾಲು ಬೆಣ್ಣಿಹಳ್ಳ ಸೇರಿ ನವಲಗುಂದದ ಎರೆ ಹೊಲಗಳ ಕಡೆ ಇಳಿದು ಮಲಪ್ರಭೆಯನ್ನು ಕೂಡುತ್ತದೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ: ಹೆಸರು ಬೆಣ್ಣೆ, ತುಪ್ಪದ್ದು, ಮುನಿದರೆ ಒಂದೇ ರಾತ್ರಿಯಲ್ಲಿ ಬೆಳೆ, ಬಣವೆ, ದಾರಿ ಎಲ್ಲವನ್ನೂ ನುಂಗುತ್ತವೆ. ನಮ್ಮಲ್ಲಿ ಎಷ್ಟೋ ಜನರ ತವರು, ಬೀಗರು, ಗೆಳೆಯರು ಆ ಹಳ್ಳಸಾಲು, ಹೊಳೆಸಾಲಿನಲ್ಲಿದ್ದಾರೆ. ಓಡಿ ಬರುವ ಕುಟುಂಬಕ್ಕೆ ಈಜಿಪ್ಟ್ ಆಗುವ ಕರೆ ನಮ್ಮದು. ಪವಿತ್ರ ಕುಟುಂಬಕ್ಕೆ ಅಲ್ಲಿ ಜಾಗ ಕೊಟ್ಟವರ ಹೆಸರನ್ನು ಶುಭಸಂದೇಶ ಹೇಳುವುದಿಲ್ಲ. ಆದರೆ ಜಾಗ ಸಿಕ್ಕಿದ್ದರಿಂದಲೇ ಮಗು ಉಳಿಯಿತು.

ಆದ್ದರಿಂದ ಮುಂದಿನ ಮಳೆಗಾಲದಲ್ಲಿ ಎಚ್ಚರಿಕೆ ಬಂದ ದಿನವೇ ನಾವು ಫೋನ್ ಮಾಡೋಣ. “ಹುಷಾರಾಗಿರ್ರಿ” ಎಂದಷ್ಟೇ ಹೇಳಿ ಇಡುವುದು ಬೇಡ. “ಮಾಮಾ, ಅತ್ತಿ, ಹುಡುಗರನ್ನ ಕರಕೊಂಡು ಇವತ್ತ ಬರ್ರಿ. ಹೊಳಿ ಇಳಿಯೂತನಕ ನಮ್ಮ ಮನ್ಯಾಗ ಇರ್ರಿ” ಎಂದು ಕರೆಯೋಣ. ಹೋಗುವ ಜಾಗ ಗೊತ್ತಿದ್ದರೆ ಹೊರಡುವ ಕಾಲಿಗೆ ಬಲ ಬರುತ್ತದೆ. ಧರ್ಮಕೇಂದ್ರದ ಸಭಾಂಗಣ, ಶಾಲೆಯ ಕೋಣೆಗಳು ಜಾತಿ ಮತ ನೋಡದೆ ತೆರೆಯಲಿ. ತಾಯಂದಿರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಇರಲಿ. ದನಕ್ಕೊಂದು ಬಯಲು, ಒಂದು ಹೊರೆ ಮೇವು ಇರಲಿ. ಮನೆ ಬಿಟ್ಟು ಬನ್ನಿ ಎಂದು ಹೇಳುವ ಅಧಿಕಾರ ಬರುವುದು ಬಂದವರಿಗೆ ಬಾಗಿಲು ತೆರೆದಾಗ ಮಾತ್ರ.

ಕೊನೆಯದಾಗಿ, ಒಂದು ನೋವಿನ ಮಾತು. ಆ ರಾತ್ರಿ ಎಚ್ಚರಿಕೆ ಸಿಕ್ಕಿದ್ದು ಒಂದು ಮನೆಗೆ. ಬೆತ್ಲೆಹೇಮಿನ ಉಳಿದ ತಾಯಂದಿರು ತಮ್ಮ ಕೂಸುಗಳನ್ನು ಕಳೆದುಕೊಂಡರು. ಧರ್ಮಸಭೆ ಅವರನ್ನು ದೂರುವುದಿಲ್ಲ, ಆ ಮಕ್ಕಳನ್ನು ಸಂತರೆಂದು ಗೌರವಿಸುತ್ತದೆ. ನೆರೆಯಲ್ಲಿ ಸತ್ತವರ ಬಗ್ಗೆಯೂ ‘ಹೊರಡಬೇಕಿತ್ತು’ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅವರಿಗಾಗಿ ಪ್ರಾರ್ಥಿಸುವುದು, ಮುಂದಿನ ಸಲ ಎಚ್ಚರಿಕೆ ಯಾವ ಮನೆಗೂ ತಪ್ಪದಂತೆ ಮುಟ್ಟಿಸುವುದು ನಮ್ಮ ಕೆಲಸ. ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಅಜ್ಜಿ, ಕಿವಿ ಕೇಳದ ಅಜ್ಜ, ಭಾಷೆ ತಿಳಿಯದ ಕೂಲಿಯವರು ಯಾರೆಂದು ನಮಗೆ ಗೊತ್ತಿರಲಿ.

ಇಂದು ಸಂಜೆ ಜಪಸರ ಮುಗಿದ ಮೇಲೆ ಗೋದಲಿಯ ಮುಂದೆಯೇ ಐದು ನಿಮಿಷ ಎಲ್ಲರೂ ಕೂತು ಮಾತನಾಡಿ. ಅಪಾಯ ಬಂದರೆ ಎಲ್ಲಿಗೆ ಹೋಗುತ್ತೇವೆ? ಅವ್ವನನ್ನು ಯಾರು ಎತ್ತಿಕೊಳ್ಳುತ್ತಾರೆ? ಬೇರೆ ಬೇರೆಯಾದರೆ ಎಲ್ಲಿ ಕೂಡುತ್ತೇವೆ? ನಮ್ಮ ಮನೆಗೆ ಯಾರು ಬರಬಹುದು? ಈ ಮಾತುಕತೆಯೂ ಒಂದು ಪ್ರಾರ್ಥನೆಯೇ.

ಸಂತ ಜೋಸೆಫರೇ, ನಮ್ಮ ಮನೆಯ ಯಜಮಾನರಿಗೆ ನಿಮ್ಮ ಎಚ್ಚರದ ಕಿವಿಯನ್ನು ಕೊಡಿಸಿರಿ. ಮಾತೆ ಮರಿಯಳೇ, ದಾರಿಯಲ್ಲಿರುವ ತಾಯಂದಿರ ಜೊತೆ ನಡೆಯಿರಿ. ಪ್ರಭು ಯೇಸುವೇ, ಹೊರಡುವಾಗ ನಮ್ಮ ಮುಂದೆ ಇರಿ, ಉಳಿಯುವಾಗ ನಮ್ಮೊಳಗೆ ಇರಿ, ಬಾಗಿಲು ತಟ್ಟುವವರಲ್ಲಿ ನಿಮ್ಮನ್ನು ಗುರುತಿಸುವ ಕಣ್ಣು ನಮಗೆ ಕೊಡಿ. ಆಮೆನ್.