ಕಬ್ಬಿಣದ ನಳಿಗೆ, ಬಿದಿರಿನ ಬಾಲ

ಭಾವೀ ಯುದ್ಧಗಳನ್ನು ಕಲ್ಪಿಸುವ ವೈಜ್ಞಾನಿಕ ಕಥೆಗಳ ಹಳೆಯ ಸಂಕಲನವೊಂದನ್ನು ಕುಂತಿಬೆಟ್ಟದ ತಪ್ಪಲಿನಲ್ಲಿ ಕುಳಿತು ಓದುತ್ತಿದ್ದಾಗ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟುದರಿಂದ ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎನಿಸಿಕೊಂಡ ನಮ್ಮ ಪಾಂಡವಪುರದ ಸೀಮೆಯು ಅಂಥ ಕಲ್ಪನೆಯನ್ನು ಎಂದೋ ಕಣ್ಣಾರೆ ಕಂಡಿತ್ತಲ್ಲವೆ ಎಂದೆನಿಸಿತು. ಗೇಣುದ್ದದ ಕಬ್ಬಿಣದ ನಳಿಗೆ, ಅದರೊಳಗೆ ಒತ್ತಿ ತುಂಬಿದ ಮದ್ದು, ತೊಗಲಿನ ಪಟ್ಟಿಯಿಂದ ಬಿಗಿದ ನೀಳವಾದ ಬಿದಿರು: 1780ರಲ್ಲಿ ಪೊಲ್ಲಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಕಂಗೆಡಿಸಿದ ಮೈಸೂರಿನ ಅಗ್ನಿಬಾಣವಿದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲೆಂಡಿಗೆ ಸಾಗಿದ ಮಾದರಿಗಳನ್ನು ನೋಡಿಯೇ ಅಲ್ಲಿನ ಶಸ್ತ್ರತಜ್ಞ ವಿಲಿಯಂ ಕಾಂಗ್ರೀವನು ತನ್ನ ರಾಕೆಟ್ ಅಸ್ತ್ರವನ್ನು ರೂಪಿಸಿದನು. ಸಂಕಲನದ ಕಥೆಗಾರರು ಯಂತ್ರಗಳನ್ನು ಅದ್ಭುತವಾಗಿ ವರ್ಣಿಸಿರುವರು, ನಿಜ. ಆದರೆ ನಳಿಗೆಗೆ ಮದ್ದು ತುಂಬಿದ ಕೈಗಳನ್ನು, ಉರಿದ ಗದ್ದೆಯ ಒಕ್ಕಲಿಗನನ್ನು ಯಾವ ಪುಟದಲ್ಲಿಯೂ ಕಾಣದೆ ನನ್ನ ಮನಸ್ಸು ಬಹಳ ನೊಂದಿತು.