ಇಶಾರೆ: ಒಂದು ಪದದ ಅರ್ಥ ಮತ್ತು ಬಳಕೆ
(ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಾನು ನಿಮ್ಮ ಮುಂದೆ ಒಂದೇ ಒಂದು ಪದವನ್ನು ಇಡುತ್ತೇನೆ. ಅದು ‘ಇಶಾರೆ’. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬಳಕೆಯಾಗುವ ಪದ ಇದು. ಕಣ್ಣಲ್ಲೇ ಇಶಾರೆ ಮಾಡಿದರು, ಇಶಾರೆಯಲ್ಲೇ ಹೇಳಿದೆ, ಇಶಾರೆ ಅರ್ಥವಾಗಲಿಲ್ಲವೇ ಎಂದೆಲ್ಲ ಹೇಳುತ್ತೇವೆ. ನೇರವಾಗಿ ಹೇಳದೆ ಸೂಚಿಸುವುದು ಎಂಬುದು ಇದರ ಸರಳ ಅರ್ಥ. ಆದರೆ ಈ ಚಿಕ್ಕ ಪದದಲ್ಲಿ ವ್ಯಾಕರಣ, ಕಾವ್ಯ, ಕಾನೂನು, ಕುಟುಂಬ ನಾಲ್ಕೂ ಅಡಗಿವೆ.

ಪದ ಅರಬಿಯದು. ಶೂರಾ (ಸಮಾಲೋಚನೆ), ಮಶ್ವರಾ (ಸಲಹೆ), ಮುಶೀರ್ (ಸಲಹೆಗಾರ) ಇವೆಲ್ಲ ಇದೇ ಧಾತುವಿನಿಂದ ಬಂದ ಪದಗಳು. ಇಶಾರೆಗೂ ಸಲಹೆಗೂ ಬೇರು ಒಂದೇ ಎಂಬುದನ್ನು ಗಮನದಲ್ಲಿಡಿ. ಅರಬಿ ವ್ಯಾಕರಣ ಓದುವ ಮಕ್ಕಳು ‘ಇಸ್ಮುಲ್ ಇಶಾರಾ’ ಎಂಬ ಪಾಠವನ್ನು ಬಲ್ಲರು. ಹಾಝಾ, ಹಾಝಿಹಿ ಮುಂತಾದ ತೋರುವ ಪದಗಳಿಗೆ, ಎಂದರೆ ಕನ್ನಡದ ‘ಇದು’, ‘ಇವನು’, ‘ಇವಳು’ ಎಂಬಂಥವುಗಳಿಗೆ ಆ ಹೆಸರು. ಆದ್ದರಿಂದ ಇಶಾರೆ ಎಂದರೆ ಮೊದಲಿಗೆ ಬೆರಳು ಮಾಡಿ ತೋರುವುದು. ಪವಿತ್ರ ಕುರ್‌ಆನಿನ ಮರ್ಯಮ್ ಅಧ್ಯಾಯದಲ್ಲಿ, ಮಾತನಾಡದ ವ್ರತದಲ್ಲಿದ್ದ ಮರ್ಯಮರು ಜನರು ಪ್ರಶ್ನಿಸಿದಾಗ ತೊಟ್ಟಿಲ ಮಗುವಿನತ್ತ ಇಶಾರೆ ಮಾಡಿದರೆಂದು ಬರುತ್ತದೆ. ತುಟಿ ಮುಚ್ಚಿದ್ದಾಗಲೂ ಉತ್ತರ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದಗಳು ಹಲವು: ಸನ್ನೆ, ಸುಳಿವು, ಸೂಚನೆ, ಇಂಗಿತ. ಕಾವ್ಯದ ಮಾತು ಬಂದಾಗ ನಾವು ‘ಧ್ವನಿ’ ಎನ್ನುತ್ತೇವೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ಹೇಳಿದ ಮಾತಿಗಿಂತ ಹೊಮ್ಮುವ ಅರ್ಥವೇ ಕಾವ್ಯದ ಆತ್ಮವೆಂದು ವಾದಿಸಿದನು. ಅದೇ ಶತಮಾನದಲ್ಲಿ ನಮ್ಮ ನೆಲದ ‘ಕವಿರಾಜಮಾರ್ಗ’ವೂ ಧ್ವನಿಯ ಹೆಸರನ್ನು ಎತ್ತಿದೆ. ಅಲಂಕಾರಶಾಸ್ತ್ರಜ್ಞರು ಕೊಡುವ ಉದಾಹರಣೆ ತುಂಬ ಸರಳ: ‘ಸೂರ್ಯ ಮುಳುಗಿದ’. ದನ ಕಾಯುವವನಿಗೆ ಇದು ದನಗಳನ್ನು ಹಟ್ಟಿಗೆ ಹೊಡೆಯುವ ಹೊತ್ತು. ಅಂಗಡಿಯವನಿಗೆ ಬಾಗಿಲು ಹಾಕುವ ಹೊತ್ತು. ರೋಝಾ ಹಿಡಿದವನಿಗೆ ಇಫ್ತಾರಿನ ಹೊತ್ತು ಎಂದು ನಾವು ಸೇರಿಸಿಕೊಳ್ಳಬಹುದು. ಮಾತು ಒಂದೇ, ಕೇಳಿದವರಿಗೆ ತಕ್ಕಂತೆ ಅರ್ಥ ಬೇರೆ.

ಇಲ್ಲಿಯೇ ಇಶಾರೆಯ ಗುಟ್ಟು ಇದೆ. ನೇರ ಮಾತನ್ನು ಹೇಳುವವನು ಪೂರ್ಣಗೊಳಿಸುತ್ತಾನೆ. ಇಶಾರೆಯನ್ನು ಕೇಳುವವನು ಪೂರ್ಣಗೊಳಿಸಬೇಕು. ಅರ್ಧ ಹೊರೆ ಅವನ ಹೆಗಲಿಗೆ ಬೀಳುತ್ತದೆ.

ವಿದ್ಯಾರ್ಥಿಗಳೇ, ಆ ಹೊರೆಯನ್ನು ಹೊರಲು ನೀವು ಕಲಿಯಬೇಕು. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎಂದು ಕೇಳುತ್ತಾರಲ್ಲವೇ? ಅನೇಕರು ಗೈಡಿನ ನಾಲ್ಕು ಸಾಲನ್ನು ಬಾಯಿಪಾಠ ಮಾಡಿ ಬರೆದು ಬರುತ್ತಾರೆ. ವಾಸ್ತವದಲ್ಲಿ ಆ ಪ್ರಶ್ನೆ ಕೇಳುವುದು ಇದನ್ನೇ: ಬರೆದ ಮಾತಿನ ಆಚೆಗೆ ನಿನಗೆ ಏನು ಕಾಣಿಸಿತು?

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಹನಫಿ ಕಾನೂನು ಮೀಮಾಂಸಕರು ಒಂದು ವಚನದಿಂದ ಅರ್ಥ ಹೊರಡುವ ಬಗೆಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ವಚನದ ನೇರ ಉದ್ದೇಶ ‘ಇಬಾರತುನ್ನಸ್’. ನೇರ ಉದ್ದೇಶವಲ್ಲದಿದ್ದರೂ ಪದಗಳಿಂದಲೇ ಹೊರಡುವ ಅರ್ಥ ‘ಇಶಾರತುನ್ನಸ್’. ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಅಲ್‌ಅಹ್‌ಕಾಫ್ ಅಧ್ಯಾಯದ 15ನೆಯ ಸೂಕ್ತವು ಗರ್ಭ ಮತ್ತು ಸ್ತನ್ಯಪಾನದ ಒಟ್ಟು ಅವಧಿ 30 ತಿಂಗಳು ಎನ್ನುತ್ತದೆ. ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತವು ಸ್ತನ್ಯಪಾನದ ಪೂರ್ಣ ಅವಧಿ ಎರಡು ವರ್ಷ ಎನ್ನುತ್ತದೆ. 30ರಿಂದ 24 ಕಳೆದರೆ ಉಳಿಯುವುದು 6. ಗರ್ಭದ ಕನಿಷ್ಠ ಅವಧಿ ಆರು ತಿಂಗಳು ಎಂದು ಯಾವ ಸೂಕ್ತವೂ ನೇರವಾಗಿ ಹೇಳಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಮಾತ್ರ ಅದು ಕಾಣಿಸುತ್ತದೆ.

ಈ ಲೆಕ್ಕದ ಮೇಲೆ ಒಂದು ಜೀವ ನಿಂತಿತ್ತು. ಮದುವೆಯಾಗಿ ಆರು ತಿಂಗಳಿಗೆ ಹೆತ್ತ ಮಹಿಳೆಯೊಬ್ಬಳಿಗೆ ಮರಣದಂಡನೆ ವಿಧಿಸಿದಾಗ, ಅಲಿ(ರ)ರವರು ಈ ಎರಡು ಸೂಕ್ತಗಳನ್ನು ಮುಂದಿಟ್ಟು ಆಕೆಯ ಮೇಲೆ ದಂಡನೆ ಸಲ್ಲದೆಂದು ಹೇಳಿದ ಪ್ರಸಂಗ ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿದೆ. ಅದರ ಪ್ರಕಾರ, ಆಜ್ಞೆಯನ್ನು ತಡೆಯಲು ಕಳಿಸಿದವರು ತಲುಪುವಷ್ಟರಲ್ಲಿ ತಡವಾಗಿತ್ತು. ಇಂಥದೇ ಪ್ರಸಂಗವನ್ನು ಹೇಳುವ ಬೇರೆ ವರದಿಗಳಲ್ಲಿ ಮಹಿಳೆ ಬದುಕುಳಿದಳು. ಇಶಾರೆಯನ್ನು ಹೊತ್ತಿಗೆ ಸರಿಯಾಗಿ ಓದುವುದಕ್ಕೂ ಓದದೇ ಇರುವುದಕ್ಕೂ ಇರುವ ಅಂತರ ಇದು. ಓದನ್ನು ಹಗುರವಾಗಿ ನೋಡಬೇಡಿ.

ಇನ್ನು ಇಶಾರೆ ಮಾಡುವವರ ವಿಷಯ. ಪರೋಕ್ಷ ಮಾತಿಗೆ ಉದಾತ್ತವಾದ ಬಳಕೆಗಳಿವೆ. ಯಾರಲ್ಲಾದರೂ ತಪ್ಪು ಕಂಡಾಗ ಪ್ರವಾದಿ(ಸ)ರವರು ಅನೇಕ ಸಲ ಹೆಸರು ಹೇಳದೆ, ಕೆಲವರಿಗೆ ಏನಾಗಿದೆ, ಹೀಗೇಕೆ ಮಾಡುತ್ತಾರೆ ಎಂದು ಎಲ್ಲರನ್ನೂ ಉದ್ದೇಶಿಸಿ ಹೇಳುತ್ತಿದ್ದರು. ತಪ್ಪು ಮಾಡಿದವನಿಗೆ ತಿಳಿಯುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ಗಂಡನನ್ನು ಕಳೆದುಕೊಂಡು ಇದ್ದತ್ತಿನಲ್ಲಿರುವ ಮಹಿಳೆಗೆ ವಿವಾಹದ ಇಚ್ಛೆಯನ್ನು ಸೂಚ್ಯವಾಗಿ ತಿಳಿಸಲು ಅಲ್‌ಬಕರ ಅಧ್ಯಾಯದ 235ನೆಯ ಸೂಕ್ತ ಅನುಮತಿಸಿದೆ, ಅವಧಿ ಮುಗಿಯುವ ಮೊದಲೇ ವಿವಾಹ ನಿಶ್ಚಯಿಸುವುದನ್ನು ತಡೆದಿದೆ. ದುಃಖದಲ್ಲಿರುವವಳ ಮೇಲೆ ಒತ್ತಡ ಬೀಳದಿರಲಿ ಎಂಬ ಕಾಳಜಿ ಅಲ್ಲಿ ಕಾಣುತ್ತದೆ. ಎರಡು ಕಡೆಯೂ ಇಶಾರೆ ಕೇಳುವವರ ಗೌರವವನ್ನು ಕಾಪಾಡುತ್ತದೆ.

ಇದೇ ಇಶಾರೆಗೆ ಕೆಟ್ಟ ಮುಖವೂ ಇದೆ. ಅಲ್‌ಹುಮಝ ಅಧ್ಯಾಯ ಖಂಡಿಸುವ ‘ಹಮ್ಝ್’, ‘ಲಮ್ಝ್’ ಎಂಬ ದುರ್ಗುಣಗಳನ್ನು ವಿವರಿಸುವಾಗ ವ್ಯಾಖ್ಯಾನಕಾರರು ಕಣ್ಣು ಮಿಟುಕಿಸಿ, ಕೈಸನ್ನೆ ಮಾಡಿ ಪರರನ್ನು ಹೀಯಾಳಿಸುವುದನ್ನೂ ಸೇರಿಸಿದ್ದಾರೆ. ‘ಅವಳ ವಿಷಯ ನಿಮಗೇ ಗೊತ್ತಲ್ಲ’ ಎಂದು ಅರ್ಧಕ್ಕೆ ನಿಲ್ಲಿಸುವ ಮಾತು ಇದೇ ಜಾತಿಯದು. ಕೇಳಿದವನು ಅದನ್ನು ತನ್ನ ಮನಸ್ಸಿನ ಕೊಳೆಯಿಂದ ಪೂರ್ಣಗೊಳಿಸುತ್ತಾನೆ, ಹೇಳಿದವನು ‘ನಾನೇನೂ ಹೇಳಿಲ್ಲವಲ್ಲ’ ಎಂದು ಜಾರಿಕೊಳ್ಳುತ್ತಾನೆ.

ಹಿರಿಯರಿಗೆ ಒಂದು ಮಾತು. ಮಗಳು ಪಿಯುಸಿ ಮುಗಿಸಿರುತ್ತಾಳೆ. ಮುಂದೆ ಓದಬೇಡ ಎಂದು ಯಾರೂ ಹೇಳುವುದಿಲ್ಲ. ‘ಕಾಲೇಜು ದೂರ ಆಯಿತು’, ‘ಬಸ್ಸು ಬರುವಾಗ ಕತ್ತಲಾಗುತ್ತದೆ’, ‘ಅವರ ಮನೆಯ ಹುಡುಗಿಗೆ ಗೊತ್ತಾಯಿತಂತೆ’ ಎನ್ನುತ್ತಾರೆ. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ. ಯಾರೂ ಪ್ರಶ್ನೆ ಕೇಳಿಲ್ಲವಾದ್ದರಿಂದ ಉತ್ತರ ಕೊಡಲು ಅವಳಿಗೆ ಜಾಗವೇ ಇಲ್ಲ. ಅವಳು ಸುಮ್ಮನಾಗುತ್ತಾಳೆ. ಆ ಮೌನವನ್ನು ನಾವು ಒಪ್ಪಿಗೆ ಎಂದು ಬರೆದುಕೊಳ್ಳುತ್ತೇವೆ.

ಕನ್ಯೆಯ ಮೌನವೇ ಸಮ್ಮತಿ ಎಂಬ ಹದೀಸನ್ನು ಇಲ್ಲಿ ಮುಂದೆ ತರುವವರಿದ್ದಾರೆ. ಆ ಹದೀಸ್ ಮದುವೆಯ ಸಮ್ಮತಿಯ ಕುರಿತಾದುದು, ಅದು ಆರಂಭವಾಗುವುದು ಅವಳ ಅನುಮತಿ ಕೇಳಬೇಕು ಎಂಬ ಆದೇಶದಿಂದ. ಮೊದಲು ಪ್ರಶ್ನೆ, ಅನಂತರ ಮೌನ. ನಾಚುವವಳಿಗೆ ಕೊಟ್ಟ ಸೌಲಭ್ಯವನ್ನು ಅವಳನ್ನು ಕೇಳದಿರಲು ನೆಪ ಮಾಡಿಕೊಳ್ಳಬಾರದು. ತಂದೆ ತನ್ನ ಇಷ್ಟಕ್ಕೆ ವಿರುದ್ಧವಾಗಿ ಮದುವೆ ಮಾಡಿದರೆಂದು ಖನ್ಸಾ ಬಿಂತ್ ಖಿದಾಮ್(ರ) ದೂರು ತಂದಾಗ ಪ್ರವಾದಿ(ಸ)ರವರು ಆ ವಿವಾಹವನ್ನೇ ರದ್ದುಗೊಳಿಸಿದರು. ಅವರು ನೇರವಾಗಿ ಹೇಳಿದರು, ಅವರ ಮಾತನ್ನು ಕೇಳುವ ಕಿವಿಯೂ ಇತ್ತು. 1869ರಿಂದ 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯ ರೂಪಿಸಿದ ‘ಮಜಲ್ಲಾ’ ಸಂಹಿತೆಯ 67ನೆಯ ನಿಯಮವೂ ಸುಮ್ಮನಿರುವವನ ಬಾಯಿಗೆ ಮಾತು ಹಾಕಬಾರದೆಂಬ ತತ್ವದಿಂದಲೇ ಆರಂಭವಾಗುತ್ತದೆ. ಮಾತಾಡಲೇಬೇಕಾದ ಸಂದರ್ಭದಲ್ಲಿ ಮಾತ್ರ ಮೌನವನ್ನು ಮಾತೆಂದು ಎಣಿಸುತ್ತದೆ.

‘ಅಕ್ಲ್‌ಮಂದ್ ಕೋ ಇಶಾರಾ ಕಾಫಿ’ ಎಂದು ಉರ್ದು ಗಾದೆ. ‘ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆಯ ಪೆಟ್ಟು’ ಎಂದು ಕನ್ನಡದ ಗಾದೆ. ಎರಡೂ ಕೇಳುವವನನ್ನೇ ಪರೀಕ್ಷಿಸುತ್ತವೆ. ಹೇಳುವವನಿಗೂ ಒಂದು ಪರೀಕ್ಷೆ ಬೇಡವೇ? ಇಶಾರೆ ಮಾಡುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ನೇರ ಮಾತನ್ನು ಬಿಡುತ್ತಿರುವುದು ಎದುರಿನವರ ಮಾನ ಉಳಿಸಲೋ, ನನ್ನ ಹೊಣೆ ತಪ್ಪಿಸಿಕೊಳ್ಳಲೋ? ಮೊದಲನೆಯದಾದರೆ ಇಶಾರೆ ಸಾಕು. ಎರಡನೆಯದಾದರೆ ಬಾಯಿ ಬಿಟ್ಟು ಹೇಳಿ, ಉತ್ತರವನ್ನೂ ಕೇಳಿಸಿಕೊಳ್ಳಿ. ಇಶಾರೆ ಮತ್ತು ಶೂರಾ ಒಂದೇ ಬೇರಿನವು ಎಂದು ಆರಂಭದಲ್ಲಿ ಹೇಳಿದೆ. ಮಕ್ಕಳ ಓದಿನ, ಬಾಳಿನ ತೀರ್ಮಾನಗಳಿಗೆ ಬೇಕಾದುದು ಶೂರಾ. ಅಲ್ಲಿ ಮಕ್ಕಳೂ ಕುಳಿತಿರಬೇಕು.

ಸ್ಪಷ್ಟವಾಗಿ ನುಡಿಯುವ, ಸೂಕ್ಷ್ಮವಾಗಿ ಗ್ರಹಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.