ಕಾರ್ಮಿಕ ಸಂಘದೊಳಗೆ ತೀರ್ಮಾನ ಯಾರದು?

ಆಡಳಿತವರ್ಗದ ಏಕಪಕ್ಷೀಯ ಧೋರಣೆಯನ್ನು ಪ್ರಶ್ನಿಸುವ ಕಾರ್ಮಿಕ ಸಂಘ ತನ್ನೊಳಗೆ ಎಷ್ಟು ಪ್ರಜಾಸತ್ತಾತ್ಮಕವಾಗಿದೆ? ಮುಷ್ಕರ ಹೂಡುವುದು, ಒಪ್ಪಂದಕ್ಕೆ ಸಹಿ ಹಾಕುವುದು ಸದಸ್ಯರ ತೀರ್ಮಾನವೋ, ನಾಯಕರ ತೀರ್ಮಾನವೋ? ಮುಂಬಯಿಯ ಜವಳಿ ಗಿರಣಿಗಳ ಅನುಭವ ಈ ಪ್ರಶ್ನೆಗೆ ಕಹಿಯಾದ ಉತ್ತರವನ್ನೇ ನೀಡುತ್ತದೆ.

1946ರ ಮುಂಬಯಿ ಕೈಗಾರಿಕಾ ಬಾಂಧವ್ಯ ಕಾಯಿದೆಯಂತೆ ಒಂದು ಪ್ರದೇಶದ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಸಂಘ. ಅದನ್ನು ಗುರುತಿಸಲು ಗುಪ್ತ ಮತದಾನವಿರಲಿಲ್ಲ. ಸದಸ್ಯರ ಪಟ್ಟಿಯೇ ಆಧಾರ. ಆ ಸ್ಥಾನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದಾಗಿತ್ತು. ಅದರ ಒಪ್ಪಂದ ಎಲ್ಲ ಕಾರ್ಮಿಕರಿಗೂ ಅನ್ವಯ. ಬೋನಸ್ ವಿಚಾರದಲ್ಲಿ ಬೇಸತ್ತವರು ದತ್ತಾ ಸಾಮಂತರ ಮೊರೆಹೊಕ್ಕರು. 1982ರ ಜನವರಿ 18ರಿಂದ ಸುಮಾರು ಎರಡೂವರೆ ಲಕ್ಷ ಮಂದಿ ಮುಷ್ಕರಕ್ಕಿಳಿದರು. ಕಾನೂನಿನ ಕಣ್ಣಿಗೆ ಮಾತ್ರ ಅವರ ಪ್ರತಿನಿಧಿ ಹಳೆಯ ಸಂಘವೇ!

ಸಾಮಂತರ ಜನಪ್ರಿಯತೆಯಲ್ಲಿ ಅನುಮಾನವಿಲ್ಲ. ಆದರೆ ಆ ಮುಷ್ಕರವನ್ನು ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ; ಹಸಿದವರು ಒಬ್ಬೊಬ್ಬರಾಗಿ ಗೇಟಿನೊಳಗೆ ಹೋದರು, ಅನೇಕರಿಗೆ ಆ ಗೇಟು ಮತ್ತೆ ತೆರೆಯಲಿಲ್ಲ. ಮೈದಾನದ ಜಯಕಾರವನ್ನು ಮತವೆಂದು ಎಣಿಸಲಾಗದು. "ಇನ್ನು ಸಾಕು" ಎನ್ನುವವನು ಅಂಥ ಸಭೆಯಲ್ಲಿ ಕೈಯೆತ್ತುವುದುಂಟೆ?

ಮುಂದೆ ಕೆಲವು ಸುಧಾರಣೆಗಳಾದವು. ಸಂಘಗಳ ಮಾನ್ಯತೆಗಾಗಿ ರೈಲ್ವೆಯಲ್ಲಿ 2007, 2013 ಮತ್ತು 2024ರಲ್ಲಿ ಗುಪ್ತ ಮತದಾನ ನಡೆಯಿತು. 1926ರ ಕಾರ್ಮಿಕ ಸಂಘಗಳ ಕಾಯಿದೆಗೆ 2001ರಲ್ಲಿ ತಂದ ತಿದ್ದುಪಡಿ ಪದಾಧಿಕಾರಿಗಳ ಅವಧಿಯನ್ನು ಮೂರು ವರ್ಷಕ್ಕೆ ಮಿತಗೊಳಿಸಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಬಾಂಧವ್ಯ ಸಂಹಿತೆ ಆ ಹಳೆಯ ಕಾಯಿದೆಯ ಸ್ಥಾನದಲ್ಲಿ ನಿಂತಿದೆ; ಶೇ. 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವೇ ಏಕೈಕ ಸಂಧಾನಕಾರ ಎನ್ನುತ್ತದೆ. ಇವೆಲ್ಲ ಯಾವ ಸಂಘ, ಯಾವ ನಾಯಕ ಎಂಬುದನ್ನು ತೀರ್ಮಾನಿಸುತ್ತವೆ. ಆ ನಾಯಕ ಮಾಡಿಕೊಂಡ ಒಪ್ಪಂದ ಸದಸ್ಯರಿಗೆ ಒಪ್ಪಿಗೆಯೇ ಎಂಬುದು ಬೇರೆ ಮಾತು.

ಮತಕ್ಕೆ ಹಾಕಿದರೆ ಸಂಘದ ಬಲಾಬಲ ಮಾಲೀಕರಿಗೆ ತಿಳಿದುಹೋಗುತ್ತದೆ ಎಂದು ನಾಯಕರು ಹೇಳುವುದುಂಟು. ಈ ಭಯ ಪೊಳ್ಳಲ್ಲ. ಬ್ರಿಟನ್ನಿನಲ್ಲಿ 1984ರ ಕಾಯಿದೆ ಮತದಾನವಿಲ್ಲದ ಮುಷ್ಕರಗಳಿಗೆ ಕಾನೂನಿನ ರಕ್ಷಣೆ ತಪ್ಪಿಸಿತು. ಅದನ್ನು ತಂದ ಸರ್ಕಾರಕ್ಕೆ ಸಂಘಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದ್ದರಿಂದಲೇ ಮತದಾನದ ನಿಯಮವನ್ನು ಸರ್ಕಾರ ಹೇರುವ ಮೊದಲು ಸಂಘಗಳು ತಮ್ಮ ಬೈಲಾದಲ್ಲಿ ತಾವೇ ಬರೆದುಕೊಳ್ಳುವುದು ಲೇಸು. ಸಹಿಗೆ ಒಂದು ವಾರ ಮುಂಚೆ ಒಪ್ಪಂದದ ಕರಡು ಪ್ರತಿಯೊಬ್ಬ ಸದಸ್ಯನ ಕೈಸೇರಲಿ, ನಮ್ಮ ಕಾರ್ಖಾನೆಗಳಲ್ಲಾದರೆ ಕನ್ನಡದಲ್ಲಿ.